ಗುಳೆ ಹೋದವರ ಸುದ್ದಿ, ಗುಳೆ ಹೋದವರ ಕಥೆ

(ಕಲ್ಲೂರಿನ ಓದುಗರ ಕೂಟದಲ್ಲಿ ‘ಜಾಗತಿಕ ಸಮಸ್ಯೆಗಳು: ಸಾಹಿತ್ಯ ಮತ್ತು ಮಾಧ್ಯಮ’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಬರಹ ರೂಪ)

 

ನಮಗೆ ಕೊಟ್ಟಿರುವ ವಿಷಯ ಬಹಳ ದೊಡ್ಡದು. ಜಗತ್ತಿನ ಸಮಸ್ಯೆಗಳನ್ನೆಲ್ಲ ಒಂದು ಭಾಷಣದಲ್ಲಿ ತೂಗುವುದು ಸಾಧ್ಯವಿಲ್ಲ. ಆದ್ದರಿಂದ ಒಂದೇ ಒಂದು ಸಮಸ್ಯೆಯನ್ನು ಎತ್ತಿಕೊಳ್ಳೋಣ. ಅದು ಹುಟ್ಟಿದೂರನ್ನು ಬಿಟ್ಟು ಹೋಗಬೇಕಾಗಿ ಬರುವ ಮನುಷ್ಯನ ಸಮಸ್ಯೆ. ವಿಶ್ವಸಂಸ್ಥೆಯ ಕಡತಗಳಲ್ಲಿ ಅದಕ್ಕೆ ವಲಸೆ, ಸ್ಥಳಾಂತರ, ನಿರಾಶ್ರಿತ ಎಂಬ ಹೆಸರುಗಳಿವೆ. ನಮ್ಮ ರಾಯಚೂರು ಸೀಮೆಯಲ್ಲಿ ಒಂದೇ ಮಾತು ಸಾಕು: ಗುಳೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಮಹಾನದಿಗಳ ನಡುವಿನ ಈ ಎಡೆದೊರೆ ನಾಡಿನಿಂದ ಜನ ಹೊಟ್ಟೆಪಾಡಿಗಾಗಿ ಬೆಂಗಳೂರು, ಪುಣೆ, ಮುಂಬಯಿಗಳ ದಾರಿ ಹಿಡಿಯುತ್ತಾರೆಂದರೆ ಹೊರಗಿನವರು ನಂಬುವುದಿಲ್ಲ. ಕಾಲುವೆ ನೀರು ತಲುಪಿದ ಕಡೆ ಭತ್ತದ ಗದ್ದೆಗಳಿವೆ. ತಲುಪದ ಕಡೆ, ತಲುಪಿದರೂ ಕೊನೆಯ ಭಾಗಕ್ಕೆ ಹರಿಯದ ಕಡೆ, ಮಳೆಯೇ ಗತಿ. ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕಾಗಿ ನೇಮಕಗೊಂಡ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ನೀಡಿದಾಗ, ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಇತ್ತು. ಸುಗ್ಗಿ ಮುಗಿದ ಮೇಲೆ ಆ ಕಡೆಯ ಹಳ್ಳಿಗಳಲ್ಲಿ ಬಾಗಿಲಿಗೆ ಬೀಗ ಬೀಳುತ್ತದೆ. ಮುದುಕರು ಕಟ್ಟೆಯ ಮೇಲೆ ಉಳಿಯುತ್ತಾರೆ. ಮಕ್ಕಳು ಶಾಲೆ ಬಿಟ್ಟು ತಾಯಿಯ ಹಿಂದೆ ಕಟ್ಟಡದ ಮರಳಿನ ರಾಶಿಗೆ ಹೋಗುತ್ತಾರೆ. ಇವರಲ್ಲಿ ದಲಿತರಿದ್ದಾರೆ, ನಾಯಕರಿದ್ದಾರೆ, ಲಂಬಾಣಿಗಳಿದ್ದಾರೆ, ಮುಸ್ಲಿಮರೂ ಇದ್ದಾರೆ. ಹಸಿವು ಯಾರ ಧರ್ಮವನ್ನೂ ಕೇಳುವುದಿಲ್ಲ.

ಈ ಗುಳೆಯನ್ನು ಮಾಧ್ಯಮ ಹೇಗೆ ನೋಡುತ್ತದೆ? 2009ರ ಅಕ್ಟೋಬರ್ ತಿಂಗಳ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ಅಂದಿನ ಮಹಾಪೂರದಲ್ಲಿ ನಮ್ಮ ಜಿಲ್ಲೆಯ ಊರುಗಳು ನೀರು ಪಾಲಾದವು. ಎಲ್ಲ ವಾಹಿನಿಗಳ ಕ್ಯಾಮರಾಗಳೂ ಬಂದವು. ಬರಬೇಕಾದುದೇ, ಆ ವರದಿಗಳಿಂದ ನೆರವು ಹರಿದು ಬಂತು. ಆದರೆ ನೀರು ಇಳಿದಂತೆ ಕ್ಯಾಮರಾಗಳೂ ಹಿಂದಿರುಗಿದವು. ಪ್ರವಾಹವು ಒಂದು ಘಟನೆ, ಅದಕ್ಕೆ ದಿನಾಂಕವಿದೆ. ಗುಳೆಗೆ ದಿನಾಂಕವಿಲ್ಲ. ಪ್ರತಿವರ್ಷ ನಡೆಯುವುದು ಸುದ್ದಿಯಾಗುವುದಿಲ್ಲ. ಪತ್ರಕರ್ತ ಪಿ. ಸಾಯಿನಾಥ್ ತೊಂಬತ್ತರ ದಶಕದಲ್ಲಿ ಐದು ರಾಜ್ಯಗಳ ಹತ್ತು ಬಡ ಜಿಲ್ಲೆಗಳನ್ನು ಸುತ್ತಿ ಬರೆದುದು ಈ ರೋಗವನ್ನೇ. 1996ರಲ್ಲಿ ಪುಸ್ತಕವಾದ ಆ ವರದಿಗಳು ಜಿ.ಎನ್. ಮೋಹನ್ ಅವರ ಅನುವಾದದಲ್ಲಿ ಕನ್ನಡಕ್ಕೂ ಬಂದಿವೆ. ಬಡತನವು ಒಂದು ದಿನದ ಘಟನೆಯಲ್ಲ, ನಡೆಯುತ್ತಲೇ ಇರುವ ಪ್ರಕ್ರಿಯೆ ಎಂಬುದನ್ನು ಅವರು ತೋರಿಸಿದರು.

ಜಗತ್ತಿನ ಮಟ್ಟದಲ್ಲೂ ಇದೇ ಕಥೆ. 2015ರ ಸೆಪ್ಟೆಂಬರ್ 2ರಂದು ಸಿರಿಯಾದ ಪುಟ್ಟ ಮಗುವೊಂದರ ಶವ ತುರ್ಕಿಯ ಕಡಲ ದಂಡೆಗೆ ಬಂದು ಬಿತ್ತು. ಆ ಒಂದು ಛಾಯಾಚಿತ್ರವು ಜಗತ್ತನ್ನು ಅಳಿಸಿತು. ಯುರೋಪಿನಲ್ಲಿ ಬಾಗಿಲುಗಳು ಸ್ವಲ್ಪ ತೆರೆದವು, ಬಳಿಕ ಮತ್ತೆ ಮುಚ್ಚಿದವು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಬಲವಂತವಾಗಿ ನೆಲೆ ಕಳೆದುಕೊಂಡವರು 12.32 ಕೋಟಿ. ಒಂದು ಮಗುವಿಗಾಗಿ ಅತ್ತ ನಾವು ಹನ್ನೆರಡು ಕೋಟಿಗಾಗಿ ಅಳುವುದಿಲ್ಲ, ಏಕೆಂದರೆ ಸಂಖ್ಯೆಗೆ ಮುಖವಿಲ್ಲ. ಇದು ಮಾಧ್ಯಮದ ಮಿತಿಯಷ್ಟೇ ಅಲ್ಲ, ನಮ್ಮ ಹೃದಯದ ಮಿತಿಯೂ ಹೌದು.

ಇನ್ನು 2020ಕ್ಕೆ ಬರೋಣ. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಣೆ, ಮಧ್ಯರಾತ್ರಿಯಿಂದ ದೇಶವೇ ಬಂದ್. ಗುಳೆ ಹೋದವರು ತಲೆಯ ಮೇಲೆ ಗಂಟು ಹೊತ್ತು ಹೆದ್ದಾರಿಗಳಲ್ಲಿ ನಡೆದರು. ಒಂದು ಕೋಟಿಗೂ ಅಧಿಕ ವಲಸೆ ಕಾರ್ಮಿಕರು ಊರಿಗೆ ಮರಳಿದರೆಂದು ಆ ಸೆಪ್ಟೆಂಬರಿನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವು ಸಂಸತ್ತಿಗೆ ತಿಳಿಸಿತು. ಅವರಲ್ಲಿ ಎಷ್ಟು ಮಂದಿ ಸತ್ತರು ಎಂದು ಕೇಳಿದಾಗ, ಅಂತಹ ಮಾಹಿತಿ ಇಲ್ಲವೆಂಬ ಉತ್ತರ ಬಂತು. ಸರ್ಕಾರವು ಲೆಕ್ಕವಿಡದ ಆ ಸಾವುಗಳನ್ನು ಬೆಳಕಿಗೆ ತಂದವರು ಹೆದ್ದಾರಿಗಿಳಿದ ಕೆಲವು ವರದಿಗಾರರು. ಮಾಧ್ಯಮವೆಂದರೆ ಸುಳ್ಳು ಎಂದು ಸಾರಾಸಗಟಾಗಿ ತೀರ್ಪು ಕೊಡುವವರು ಇವರನ್ನು ಮರೆಯಬಾರದು.

ಅದೇ ದಿನಗಳಲ್ಲಿ ಅನೇಕ ವಾಹಿನಿಗಳ ಸ್ಟುಡಿಯೋಗಳು ಬೇರೆಯದೇ ಕೆಲಸದಲ್ಲಿ ಮುಳುಗಿದ್ದವು. ದೆಹಲಿಯ ನಿಝಾಮುದ್ದೀನ್‌ನಲ್ಲಿ ತಬ್ಲೀಗ್ ಜಮಾಅತ್‌ಗೆ ಬಂದವರನ್ನು ರೋಗ ಹರಡಲೆಂದೇ ಬಂದವರಂತೆ ಚಿತ್ರಿಸಲಾಯಿತು. ತರಕಾರಿ ಮಾರುವ ಬಡ ಮುಸ್ಲಿಮನೂ ಅದರ ಬೆಲೆ ತೆತ್ತನು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಅಂತಹ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆದಿತ್ತೆಂದು ಹೇಳಿತು. ಆರೋಪವು ತಿಂಗಳುಗಟ್ಟಲೆ ಪರದೆಯ ಮೇಲಿತ್ತು. ತೀರ್ಪಿಗೆ ಅಷ್ಟು ಜಾಗ ಸಿಗಲಿಲ್ಲ. ರಸ್ತೆಯಲ್ಲಿ ನಡೆದ ಕೂಲಿಕಾರನೂ ಮಸೀದಿಯಲ್ಲಿ ಸಿಲುಕಿದ ಅತಿಥಿಯೂ ಇಬ್ಬರೂ ಪ್ರಯಾಣಿಕರೇ. ಒಬ್ಬನನ್ನು ಮರೆಯಲು ಇನ್ನೊಬ್ಬನನ್ನು ದೂಷಿಸುವುದು ಅನುಕೂಲವಾಯಿತು.

ಈಗ ಸಾಹಿತ್ಯದ ಕಡೆಗೆ ತಿರುಗೋಣ. 1930ರ ದಶಕದಲ್ಲಿ ಅಮೆರಿಕದ ಓಕ್ಲಹೋಮಾ ಸೀಮೆಯಲ್ಲಿ ಬರ ಬಿತ್ತು, ಧೂಳು ಎದ್ದಿತು, ಸಾಲ ಕೊಟ್ಟವರು ಜಮೀನು ಕಸಿದರು. ರೈತರು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದರು. ಜಾನ್ ಸ್ಟೈನ್‌ಬೆಕ್ 1936ರಲ್ಲಿ ಅವರ ಡೇರೆಗಳಿಗೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೆ ಏಳು ವರದಿಗಳನ್ನು ಬರೆದರು. ಮೂರು ವರ್ಷಗಳ ಬಳಿಕ, 1939ರಲ್ಲಿ, ಅದೇ ಬದುಕು ‘ದಿ ಗ್ರೇಪ್ಸ್ ಆಫ್ ರಾತ್’ ಎಂಬ ಕಾದಂಬರಿಯಾಯಿತು. ವರದಿಯು ಡೇರೆಗಳ ಸ್ಥಿತಿ ಏನೆಂದು ತಿಳಿಸಿತು. ಕಾದಂಬರಿಯು ಒಂದು ಕುಟುಂಬದೊಂದಿಗೆ ನಮ್ಮನ್ನು ಲಾರಿಯಲ್ಲಿ ಕೂರಿಸಿ ಕರೆದೊಯ್ದಿತು. ದೇವದುರ್ಗದ ಓದುಗನಿಗೆ ಅದು ಪರದೇಶದ ಕಥೆ ಅನ್ನಿಸಲಾರದು.

ಅರಬಿ ಭಾಷೆಯಲ್ಲೂ ಇದಕ್ಕೆ ಸಾಟಿಯಾದ ಕೃತಿಯಿದೆ. ಗಸ್ಸಾನ್ ಕನಫಾನಿ 1936ರಲ್ಲಿ ಫೆಲೆಸ್ತೀನಿನ ಅಕ್ಕಾದಲ್ಲಿ ಜನಿಸಿ, 1948ರಲ್ಲಿ ಕುಟುಂಬದೊಂದಿಗೆ ನಿರಾಶ್ರಿತರಾದವರು, ಬೈರೂತಿನಲ್ಲಿ ಪತ್ರಕರ್ತರಾಗಿದ್ದವರು. ಅವರ ‘ರಿಜಾಲುನ್ ಫಿಶ್ಶಮ್ಸ್’ ಕಿರು ಕಾದಂಬರಿಯಲ್ಲಿ ಮೂವರು ಫೆಲೆಸ್ತೀನಿಯರು ಕೂಲಿಗಾಗಿ ಕುವೈತಿಗೆ ಹೊರಟು, ನೀರಿನ ಖಾಲಿ ಟ್ಯಾಂಕರಿನಲ್ಲಿ ಅಡಗಿ ಕೂರುತ್ತಾರೆ. ಗಡಿಯ ಕಚೇರಿಯಲ್ಲಿ ಅಧಿಕಾರಿಗಳು ಚಾಲಕನೊಂದಿಗೆ ಹರಟುತ್ತ ಹೊತ್ತು ಕಳೆಯುತ್ತಾರೆ. ಒಳಗೆ ಮೂವರೂ ಉಸಿರುಗಟ್ಟಿ ಸಾಯುತ್ತಾರೆ. ಟ್ಯಾಂಕಿನ ಗೋಡೆಯನ್ನು ಅವರೇಕೆ ಬಡಿಯಲಿಲ್ಲ ಎಂಬ ಪ್ರಶ್ನೆಯೊಂದಿಗೆ ಕೃತಿ ಮುಗಿಯುತ್ತದೆ. 1972ರಲ್ಲಿ ಕನಫಾನಿ ಕಾರಿನಲ್ಲಿಟ್ಟ ಬಾಂಬಿಗೆ ಬಲಿಯಾದರು. ಅವರ ಪ್ರಶ್ನೆ ಉಳಿಯಿತು. ಅದನ್ನು ನಾವು ತಿರುಗಿಸಿಯೂ ಕೇಳಬಹುದು: ಅವರು ಬಡಿದಿದ್ದರೆ ಹೊರಗಿನವರಿಗೆ ಕೇಳಿಸುತ್ತಿತ್ತೇ?

ಹಾಗೆಂದು ಸಾಹಿತ್ಯವನ್ನು ಹಾಡಿ ಹೊಗಳಿ ಮಾಧ್ಯಮವನ್ನು ಕಟಕಟೆಗೆ ಎಳೆಯುವುದು ನ್ಯಾಯವಲ್ಲ. ಸಾಹಿತ್ಯವು ತಡವಾಗಿ ಬರುತ್ತದೆ. ಅದು ಬರುವ ಹೊತ್ತಿಗೆ ಹಸಿದವನು ಸತ್ತಿರುತ್ತಾನೆ. ಸುದ್ದಿಯು ಇಂದೇ ತಹಶೀಲ್ದಾರರ ಬಾಗಿಲು ತಟ್ಟುತ್ತದೆ. ಬಡವನ ಕಣ್ಣೀರನ್ನು ಅಲಂಕಾರ ಮಾಡಿಕೊಂಡು ಪ್ರಶಸ್ತಿ ಪಡೆದವರೂ ಇದ್ದಾರೆ. ಪವಿತ್ರ ಕುರ್‌ಆನ್‌ನ ಅಶ್ಶುಅರಾ ಅಧ್ಯಾಯವು ಆಡಿದಂತೆ ನಡೆಯದ ಕವಿಗಳನ್ನು ಎಚ್ಚರಿಸುತ್ತದೆ. ವಿಶ್ವಾಸವಿರಿಸಿ ಸತ್ಕರ್ಮವೆಸಗುವವರನ್ನು ಆ ಎಚ್ಚರಿಕೆಯಿಂದ ಹೊರಗಿಡುತ್ತದೆ. ಯೂಸುಫ್ ಅಧ್ಯಾಯವು ತಾನು ಹೇಳುವುದನ್ನು ಅತ್ಯುತ್ತಮ ವೃತ್ತಾಂತವೆಂದು ಕರೆಯುತ್ತದೆ. ಅದು ಅಣ್ಣಂದಿರಿಂದಲೇ ಬಾವಿಗೆ ದೂಡಲ್ಪಟ್ಟು ಪರದೇಶಕ್ಕೆ ಸಾಗಿಸಲ್ಪಟ್ಟ ಒಬ್ಬ ಬಾಲಕನ ವೃತ್ತಾಂತ. ಕಥೆಯು ಧರ್ಮಕ್ಕೆ ಹೊರತು ಎನ್ನುವವರು ಇದನ್ನು ಯೋಚಿಸಬೇಕು.

ನಮ್ಮ ಸಮುದಾಯದ ಸ್ಥಿತಿ ಹೇಗಿದೆ? ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಹಿರಿಯರು ಹೈದರಾಬಾದಿನಿಂದ ಬರುವ ಉರ್ದು ಪತ್ರಿಕೆಗಳನ್ನು ಓದಿದರು. ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತರು, ಆದರೆ ಪಾಠದಾಚೆಗೆ ಕನ್ನಡ ಪುಸ್ತಕವನ್ನು ಮುಟ್ಟಲಿಲ್ಲ. ಈ ಜಿಲ್ಲೆಯವರೇ ಆದ ಶಾಂತರಸರು ಉರ್ದುವಿನ ಗಜಲ್ ಪ್ರಕಾರವನ್ನು ಕನ್ನಡದಲ್ಲಿ ಬೆಳೆಸಿದರು. ಅವರು ನಮ್ಮ ಭಾಷೆಯ ಮನೆಗೆ ಬಂದುಹೋದರು, ನಾವು ಅವರ ಮನೆಗೆ ಹೋಗಲಿಲ್ಲ. ದೇಶ ವಿಭಜನೆಯ ಗುಳೆಯನ್ನು ಬೊಳುವಾರು ಮಹಮದ್ ಕುಂಞಿ ‘ಸ್ವಾತಂತ್ರ್ಯದ ಓಟ’ ಕಾದಂಬರಿಯಲ್ಲಿ ಬರೆದರು; 2016ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾಗಿದ್ದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಇವರ ನಿಲುವುಗಳನ್ನೆಲ್ಲ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಆದರೆ ಓದದೆಯೇ ವಿರೋಧಿಸುವುದು, ಓದದೆಯೇ ಹೆಮ್ಮೆಪಡುವುದು, ಎರಡೂ ಒಂದೇ ಅಜ್ಞಾನದ ಎರಡು ಮುಖಗಳು. ಸ್ಟೈನ್‌ಬೆಕ್, ಕನಫಾನಿ, ಬಾನು ಮುಷ್ತಾಕ್ ಮೂವರೂ ಪತ್ರಿಕೆಗೂ ಬರೆದವರು, ಕಥೆಯನ್ನೂ ಬರೆದವರು ಎಂಬುದನ್ನು ಗಮನಿಸಿ. ಜನರ ನಡುವೆ ನಿಂತು ನೋಡಿದವನಿಗೆ ಎರಡು ದಾರಿಗಳೂ ತೆರೆದಿರುತ್ತವೆ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದುದು. ಇಂದು ಕೈಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬನೂ ಮಾಧ್ಯಮವೇ. ದುಷ್ಟನೊಬ್ಬ ಸುದ್ದಿ ತಂದರೆ ಪರಿಶೀಲಿಸಿರಿ, ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪಪಡಬೇಡಿರಿ ಎಂಬುದು ಅಲ್‌ಹುಜುರಾತ್ ಅಧ್ಯಾಯದ ಆದೇಶದ ಸಾರ. ಕೇಳಿದುದನ್ನೆಲ್ಲ ಹೇಳುತ್ತ ಹೋಗುವುದೇ ಸುಳ್ಳುಗಾರನಾಗಲು ಸಾಕು ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ವಾಹಿನಿಗಳು ಪರಿಶೀಲಿಸಲಿಲ್ಲವೆಂದು ದೂರುವ ನಾವು, ಎಲ್ಲಿಯದೋ ಯಾವುದೋ ಯುದ್ಧದ ಚಿತ್ರವನ್ನು ಗಾಝಾದ್ದೆಂದು ಹಂಚುವಾಗ ಪರಿಶೀಲಿಸುತ್ತೇವೆಯೇ? ಗಾಝಾದ ಮಗುವಿಗಾಗಿ ಕಣ್ಣೀರು ಸುರಿಸುವುದು ವಿಶ್ವಾಸದ ಲಕ್ಷಣ. ಅದೇ ಕಣ್ಣಿಗೆ ನಮ್ಮ ಬಸ್ ನಿಲ್ದಾಣದಲ್ಲಿ ಗಂಟುಮೂಟೆಯ ಮೇಲೆ ಮಲಗಿರುವ ಮಗು ಕಾಣಿಸದಿದ್ದರೆ, ಆ ಕಣ್ಣೀರನ್ನು ಏನೆಂದು ಕರೆಯೋಣ?

ಝಕಾತಿನ ಎಂಟು ಹಕ್ಕುದಾರರಲ್ಲಿ ‘ಇಬ್ನುಸ್ಸಬೀಲ್’, ಅಂದರೆ ದಾರಿಹೋಕನೂ ಒಬ್ಬನೆಂದು ಅತ್ತೌಬಾ ಅಧ್ಯಾಯ ಹೇಳುತ್ತದೆ. ರಮಝಾನಿನಲ್ಲಿ ಝಕಾತ್ ಹಂಚುವಾಗ ಆ ಪಾಲಿನ ಕುರಿತು ಎಷ್ಟು ಮಂದಿ ಯೋಚಿಸಿದ್ದೇವೆ? ಪ್ರವಾದಿ(ಸ) ಸ್ವತಃ ಊರು ಬಿಟ್ಟು ಮದೀನಾಕ್ಕೆ ಹೋದವರು. ನಮ್ಮ ವರ್ಷಗಣನೆಯೇ ಒಂದು ವಲಸೆಯಿಂದ ಆರಂಭವಾಗುತ್ತದೆ. ಆ ಸಮುದಾಯಕ್ಕೆ ಗುಳೆ ಹೋದವನ ನೋವನ್ನು ಬೇರೆಯವರು ವಿವರಿಸಬೇಕಾಗಿ ಬಂದಿರುವುದು ನಾಚಿಕೆಯ ವಿಷಯ.

ಆದ್ದರಿಂದ ಎರಡು ಸಣ್ಣ ಸಲಹೆಗಳೊಂದಿಗೆ ಮಾತು ಮುಗಿಸುತ್ತೇವೆ. ಮೊದಲನೆಯದು, ಪ್ರತಿ ಮೊಹಲ್ಲಾದ ಮಸೀದಿ ಸಮಿತಿಯು ಒಂದು ನೋಟ್‌ಬುಕ್ ಇಡಲಿ. ಈ ಬೀದಿಯಿಂದ ಯಾರು ಗುಳೆ ಹೋದರು, ಯಾವ ಊರಿಗೆ, ಎಷ್ಟು ಮಕ್ಕಳು ಶಾಲೆ ಬಿಟ್ಟರು, ಮನೆಯಲ್ಲಿ ಉಳಿದ ಮುದುಕರಿಗೆ ಔಷಧಿ ತಂದುಕೊಡುವವರು ಯಾರು, ಇಷ್ಟನ್ನು ಬರೆದಿಡಲಿ. ಪಕ್ಕದ ಕೇರಿಯ ಮನೆಗಳನ್ನೂ ಸೇರಿಸಿ ಬರೆಯಲಿ. ಸಂಸತ್ತಿನಲ್ಲಿ ಇಲ್ಲವೆಂದ ಲೆಕ್ಕ ನಮ್ಮ ಮಸೀದಿಯಲ್ಲಿ ಇರಲಿ. ಅದೇ ಸುದ್ದಿಯ ಬೇರು.

ಎರಡನೆಯದು, ಓದುಬರಹ ಬಲ್ಲ ನಮ್ಮ ಹುಡುಗ ಹುಡುಗಿಯರು ಗುಳೆಯಿಂದ ಮರಳಿದ ಒಬ್ಬ ತಾಯಿಯ ಬಳಿ ಒಂದು ಸಂಜೆ ಕುಳಿತು ಕೇಳಲಿ. ತಡೆಯದೆ, ತಿದ್ದದೆ ಕೇಳಲಿ. ಬಳಿಕ ಕನ್ನಡದಲ್ಲಿ ಬರೆಯಲಿ. ಅದೇ ಸಾಹಿತ್ಯದ ಬೇರು. ನೋಟ್‌ಬುಕ್ ಇಲ್ಲದ ಕಥೆಯನ್ನು ಆಡಳಿತ ನಂಬುವುದಿಲ್ಲ. ಕಥೆಯಿಲ್ಲದ ನೋಟ್‌ಬುಕ್ ಯಾರ ಮನಸ್ಸನ್ನೂ ಅಲುಗಿಸುವುದಿಲ್ಲ.

ನೋಡುವ ಕಣ್ಣನ್ನೂ, ಕೇಳುವ ಕಿವಿಯನ್ನೂ, ನೋಡಿದ್ದನ್ನು ಸತ್ಯವಾಗಿ ಹೇಳುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.