ಗಿಟಾರ್ ಮಾರುವ ಮುಂಚೆ ಟೇಲ್‌ಪೀಸ್ ನೋಡಿ

(ಶಾರ್ಜಾದಲ್ಲಿ ನಡೆದ ನಮ್ಮ ವೇದಿಕೆಯ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ನಮ್ಮ ಹುಡುಗರು ತಯಾರಾಗ್ತಾ ಇದ್ದಾರೆ. ಅದಕ್ಕೇ ಎಲೆಕ್ಟ್ರಿಕ್ ಗಿಟಾರಿನ ಒಂದೇ ಒಂದು ಭಾಗದ ಬಗ್ಗೆ ಹತ್ತು ನಿಮಿಷ ಹೇಳ್ತೀನಿ.

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರೋದು ಸೆಕೆಂಡ್ ಹ್ಯಾಂಡ್ ಗಿಟಾರ್. ಕೆಲಸ ಮುಗಿಸಿ ಊರಿಗೆ ಹೊರಟವರು ಕೊಟ್ಟು ಹೋದದ್ದು. ಅವರು ಯಾವ ಸ್ಕ್ರೂ ಎಷ್ಟು ತಿರುಗಿಸಿದ್ದರೋ ಯಾರಿಗೆ ಗೊತ್ತು? ನುಡಿಸೋಕೆ ಕಷ್ಟವಾದರೆ ‘ವಾದ್ಯ ಸರಿ ಇಲ್ಲ’ ಅಂತಲೋ, ‘ನನಗೆ ಸಂಗೀತ ಒಲಿಯಲ್ಲ’ ಅಂತಲೋ ಮೂಲೆಗಿಡ್ತೀವಿ.

ವೀಣೆ ನೋಡಿದವರಿಗೆ ಇದು ಸುಲಭ. ತಂತಿಯನ್ನು ಹೊತ್ತು ನಿಲ್ಲುವುದು ಕುದುರೆ. ಗಿಟಾರಿನಲ್ಲಿ ಅದೇ ಬ್ರಿಜ್. ಕುದುರೆ ದಾಟಿದ ತಂತಿಯ ತುದಿಯನ್ನು ವೀಣೆಯಲ್ಲಿ ಲಂಗರು ಹಿಡಿದಿಡುತ್ತದೆ. ಲೆಸ್ ಪಾಲ್ ಮಾದರಿಯ ಗಿಟಾರಿನಲ್ಲಿ ಟೇಲ್‌ಪೀಸ್. ಗಿಬ್ಸನ್ ಕಂಪನಿ 1954ರಲ್ಲಿ ಲೆಸ್ ಪಾಲ್ ಕಸ್ಟಮ್‌ಗೆ ಟ್ಯೂನ್-ಓ-ಮ್ಯಾಟಿಕ್ ಬ್ರಿಜ್ ಹಾಕಿತು. ಅದರಲ್ಲಿ ಬ್ರಿಜ್ ಬೇರೆ, ಟೇಲ್‌ಪೀಸ್ ಬೇರೆ. ಎರಡನ್ನೂ ಏರಿಸಿ ಇಳಿಸಬಹುದು. ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ ಈ ಪಟ್ಟಿ ಇರಲ್ಲ.

ಟೇಲ್‌ಪೀಸ್ ಇಳಿದಷ್ಟೂ ತಂತಿ ಬ್ರಿಜ್ ಮೇಲೆ ಕಡಿದಾಗಿ ಬಾಗುತ್ತದೆ, ಕೆಳಮುಖ ಒತ್ತಡ ಹೆಚ್ಚುತ್ತದೆ. 10ನೇ ನಂಬರಿನ ಆರು ತಂತಿಗಳನ್ನು ಶ್ರುತಿಗೆ ತಂದರೆ ಒಟ್ಟು ಎಳೆತ 40 ಕಿಲೋ ದಾಟುತ್ತದೆ. ಬಾಗು ಅತಿಯಾದರೆ ಬ್ರಿಜ್ ವರ್ಷಗಳಲ್ಲಿ ನಡುವೆ ಕುಸಿಯಬಹುದು. ತೀರಾ ಏರಿಸಿದರೆ, ಜೋರಾಗಿ ಮೀಟಿದಾಗ ತಂತಿ ತನ್ನ ಗಾಡಿಯಿಂದ ಜಾರುತ್ತದೆ, ನಾದ ಸಪ್ಪೆಯಾಗುತ್ತದೆ.

‘ಪೂರ್ತಿ ಕೆಳಗೆ ಬಿಗಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತೆ’ ಅಂತ ಬಹಳ ಜನ ಹೇಳ್ತಾರೆ. ನಮ್ಮ ತಂಡದಲ್ಲಿ ಎ.ಸಿ. ಮೆಕ್ಯಾನಿಕ್ ಆಗಿರೋ ಒಬ್ಬ ತಮ್ಮನ ಗಿಟಾರಿಗೂ ಹಾಗೇ ಬಿಗಿದಿತ್ತು. ಒಂದೇ ತಿಂಗಳಲ್ಲಿ ಮೂರು ಸಲ ಅದೇ ಸಣ್ಣ ತಂತಿ ಕಡಿಯಿತು. ‘ಅಣ್ಣಾ, ಮಾರಿಬಿಡ್ತೀನಿ, ತಂತಿಗೇ ಸಂಬಳ ಹೋಗುತ್ತೆ’ ಅಂದ. ಕಡಿದ ತಂತಿ ತರಿಸಿ ನೋಡಿದೆ; ಮೂರೂ ಬ್ರಿಜ್ ಹತ್ತಿರವೇ ಕಡಿದಿದ್ದವು. ತಂತಿ ಬ್ರಿಜ್‌ನ ಹಿಂಬದಿಯ ಅಂಚಿಗೆ ಉಜ್ಜುತ್ತಿತ್ತು. ಟೇಲ್‌ಪೀಸನ್ನು ಸ್ವಲ್ಪ ಏರಿಸಿದ್ದಷ್ಟೇ. ಗಿಟಾರ್ ಇವತ್ತು ಅವನ ಹತ್ತಿರವೇ ಇದೆ, ಇಲ್ಲೇ ಕೂತಿದ್ದಾನೆ.

ಈಗ ಕ್ರಮ ಕೇಳಿ. ಮೊದಲು ಟ್ಯೂನ್ ಮಾಡಿ, ಕತ್ತಿನ ಬಾಗು ನೋಡಿ. ಆಮೇಲೆ ಬ್ರಿಜ್ ಎತ್ತರ: 12ನೇ ಫ್ರೆಟ್ ಮೇಲೆ ದಪ್ಪ ತಂತಿಗೆ ಸುಮಾರು 2 ಮಿ.ಮೀ., ಸಣ್ಣದಕ್ಕೆ 1.5 ಮಿ.ಮೀ. ಇದ್ದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಬ್ರಿಜ್ ಏರಿಳಿದರೆ ಹಿಂದಿನ ಕೋನವೂ ಬದಲಾಗುತ್ತದೆ. ಅದಕ್ಕೇ ಟೇಲ್‌ಪೀಸ್ ಸರದಿ ಆಮೇಲೆ.

ತಂತಿಗಳನ್ನು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಬಿಚ್ಚಿದರೆ ಪಟ್ಟಿ ಜಾರಿ ಬಿದ್ದು ಬಣ್ಣ ಕೆರೆಯುತ್ತದೆ. ಕೆಳಗೆ ಬಟ್ಟೆ ಹಾಸಿ. ಅಗಲ ಬಾಯಿಯ ಸ್ಕ್ರೂ ಡ್ರೈವರಿನಿಂದ ಎರಡೂ ಕಡೆ ಅರ್ಧರ್ಧ ಸುತ್ತು ತಿರುಗಿಸಿ: ಬಲಕ್ಕೆ ತಿರುಗಿಸಿದರೆ ಇಳಿಯುತ್ತದೆ, ಎಡಕ್ಕೆ ಏರುತ್ತದೆ. ಮತ್ತೆ ಟ್ಯೂನ್ ಮಾಡಿ, ಬ್ರಿಜ್‌ನ ಹಿಂಬದಿ ಅಂಚಿಗೂ ಪ್ರತಿ ತಂತಿಗೂ ನಡುವೆ ಒಂದು ಕಾಗದದ ಚೂರು ತೂರಿಸಿ. ಆರರಲ್ಲೂ ಸಲೀಸಾಗಿ ಹೋದರೆ ಸಾಕು. ಕೊನೆಗೆ 12ನೇ ಫ್ರೆಟ್‌ನಲ್ಲಿ ಸ್ವರ ತಾಳೆ ನೋಡಿ.

ಇನ್ನೊಂದು ಮಾತು. ಟೇಲ್‌ಪೀಸ್ ಏರಿಸಿದರೆ ತಂತಿಯ ಬಿಗಿ ಕಡಿಮೆಯಾಗಲ್ಲ. ಅದೇ ತಂತಿ, ಅದೇ ಉದ್ದ, ಅದೇ ಶ್ರುತಿ ಇದ್ದರೆ ಬಿಗಿಯೂ ಅದೇ. ಬ್ರಿಜ್ ಮೇಲೆ ಉಜ್ಜಾಟ ಕಡಿಮೆಯಾಗಿ ತಂತಿ ಎಳೆಯುವಾಗ ಬೆರಳಿಗೆ ಸ್ವಲ್ಪ ಮೆತ್ತಗೆ ಅನಿಸಬಹುದು, ಅಷ್ಟೆ.

ಇಲ್ಲಿನ ಬೇಸಿಗೆಯಲ್ಲಿ ಹೊರಗೆ ಬೆವರಿಳಿಸುವ ಸೆಕೆ, ರೂಮಿನೊಳಗೆ ಎ.ಸಿ.ಯ ಒಣ ಗಾಳಿ. ಮರ ಸುಮ್ಮನಿರಲ್ಲ, ಕತ್ತು ಬಾಗುತ್ತೆ. ರಜೆ ಮುಗಿಸಿ ಊರಿಂದ ಬಂದ ಮೇಲೆ ಒಮ್ಮೆ ಎಲ್ಲ ಪರೀಕ್ಷಿಸಿ.

ಹನ್ನೆರಡು ಗಂಟೆ ದುಡಿದು ಬಂದವನಿಗೆ ಮಲಗುವ ಮುಂಚೆ ಸಿಗೋದು ಅರ್ಧ ಗಂಟೆ. ಅದು ತಂತಿ ಬದಲಿಸೋದರಲ್ಲಿ ಕಳೆಯಬಾರದು. ಮುಂದಿನ ಪ್ರಾಕ್ಟೀಸಿಗೆ ನಿಮ್ಮ ಗಿಟಾರ್ ತನ್ನಿ, ಸ್ಕ್ರೂ ಡ್ರೈವರ್ ನಾನು ತರ್ತೀನಿ.

 ಜೈ ಕರ್ನಾಟಕ.