ಸೊಂಟ ಹಿಡಿದರೆ ಏನು ಮಾಡೋಣ?



ಇವತ್ತು ನಾವು ಬೆನ್ನು ನೋವಿನ ಬಗ್ಗೆ ಮಾತಾಡೋಣ. ಯಾಕೆ ಗೊತ್ತಾ? ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಣ್ಣ ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುತ್ತಾರೆ. ಹತ್ತು ದಿನ ಅವರು ಬರಲಿಲ್ಲ. ನಾವು ಮನೆಗೆ ಹೋದೆವು. ಚಾಪೆ ಮೇಲೆ ಮಲಗಿದ್ದರು. "ಸೊಂಟ ಹಿಡ್ಕೊಂಡಿದೆ ಮೇಷ್ಟ್ರೇ, ಏಳೋಕೆ ಆಗ್ತಿಲ್ಲ" ಅಂದರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡಿದ್ದರಂತೆ. ನೋವು ಹೆಚ್ಚಾಯಿತು. ಕೂಲಿ ಹೋಯಿತು. ಅಂಗಡಿ ಸಾಲ ಬೆಳೆಯಿತು.

ನಮ್ಮ ಬೆನ್ನುಮೂಳೆ ಒಂದೇ ಕೋಲಲ್ಲ. ಮಣಿಸರದ ಹಾಗೆ ಸಣ್ಣ ಸಣ್ಣ ಮೂಳೆಗಳ ಸಾಲು. ಮೂಳೆಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಒಳಗೆ ನರಗಳಿವೆ. ಸುತ್ತಲೂ ಸ್ನಾಯುಗಳಿವೆ. ಬಹಳ ಸಲ ಸ್ನಾಯು ಉಳುಕಿ ನೋವು ಬರುತ್ತದೆ. ಕೆಲವರಿಗೆ ಬಿಲ್ಲೆ ಉಬ್ಬಿ ನರವನ್ನು ಒತ್ತುತ್ತದೆ. ಆಗ ನೋವು ಕಾಲಿಗೂ ಇಳಿಯುತ್ತದೆ.

ಮೂಟೆ ಹೊರುವವರಿಗೆ ಮಾತ್ರ ಇದು ಬರುತ್ತದಾ? ಇಲ್ಲ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಕೂತು ಹೊಲಿಯುವ ಅಕ್ಕಂದಿರಿಗೂ ಬರುತ್ತದೆ. ಹೆಬ್ಬಾಳದಲ್ಲಿ ಆಟೋ ಓಡಿಸುವವರಿಗೂ, ಬಿಂದಿಗೆ ಹೊರುವವರಿಗೂ, ಬಸುರಿಯರಿಗೂ ಬರುತ್ತದೆ. 2020ರಲ್ಲಿ ಲೋಕದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟ ನೋವಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಂದರೆ 13 ಜನರಲ್ಲಿ ಒಬ್ಬರಿಗೆ.

ಹೆದರಬೇಡಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಮನೆಯಲ್ಲಿ ಹೀಗೆ ಮಾಡಿ:

ನೋವು ಜಾಸ್ತಿ ಇದ್ದರೆ ಒಂದೆರಡು ದಿನ ಭಾರದ ಕೆಲಸ ಬಿಡಿ. ಆದರೆ ಹಾಸಿಗೆ ಹಿಡಿದು ಮಲಗಬೇಡಿ. ಮನೆಯೊಳಗೇ ನಿಧಾನವಾಗಿ ನಡೆದಾಡಿ.

ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಶಾಖ ಕೊಡಿ. ಚರ್ಮ ಸುಡದಂತೆ ನೋಡಿಕೊಳ್ಳಿ.

ಮಗ್ಗುಲಾಗಿ ಮಲಗಿ. ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ.

ಬೆನ್ನಿನ ಮೇಲೆ ಯಾರಿಂದಲೂ ತುಳಿಸಿಕೊಳ್ಳಬೇಡಿ, ಒದೆಸಿಕೊಳ್ಳಬೇಡಿ. ಅಂಗಡಿಯ ನೋವಿನ ಮಾತ್ರೆಯನ್ನು ದಿನಾ ನುಂಗಬೇಡಿ. ಅದು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಹುದು.

ಈಗ ಮುಖ್ಯವಾದ ಮಾತು. ಉಚ್ಚೆ, ಕಕ್ಕಸು ಹಿಡಿತಕ್ಕೆ ಸಿಗದಿದ್ದರೆ, ಅಥವಾ ಉಚ್ಚೆ ಕಟ್ಟಿಕೊಂಡರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಹೋದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಬಿದ್ದು ಪೆಟ್ಟಾಗಿದ್ದರೂ, ಜ್ವರ ಇದ್ದರೂ ತಡ ಮಾಡಬೇಡಿ. ಮೈ ಸೊರಗುತ್ತಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ಬೆನ್ನುಮೂಳೆಗೆ ಕ್ಷಯವೂ ಬರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ. ಯಲಹಂಕದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆ ಇದೆ. ಇ.ಎಸ್.ಐ. ಕಾರ್ಡು ಇದ್ದವರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೂ ಹೋಗಬಹುದು.

ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಹೊರೆಯನ್ನು ಎದೆಗೆ ಹತ್ತಿರ ಹಿಡಿಯಿರಿ. ತಿರುಗಬೇಕಾದರೆ ಸೊಂಟ ತಿರುಚದೆ ಕಾಲನ್ನೇ ತಿರುಗಿಸಿ. ಗಂಡಾಳು ಕೂಡ 55 ಕಿಲೋಗಿಂತ ಹೆಚ್ಚು ಹೊರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಸಲಹೆ ಕೊಟ್ಟಿದೆ. ಹೆಣ್ಣಾಳಿಗೆ ಇನ್ನೂ ಕಡಿಮೆ ಇರಬೇಕು.

ಆ ಅಣ್ಣನನ್ನು ನಾವು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂದು ತಿಂಗಳಲ್ಲಿ ಕೆಲಸಕ್ಕೆ ಮರಳಿದರು. ಮೊನ್ನೆ ಕೇಂದ್ರಕ್ಕೆ ಬಂದು ಹೇಳಿದರು: "ಮೇಷ್ಟ್ರೇ, ಈಗ ಮೂಟೆ ಮೇಲಿನ ಅಂಕಿ ಓದ್ತೀನಿ. ಜಾಸ್ತಿ ಇದ್ರೆ ಇಬ್ರು ಕೈ ಹಾಕ್ತೀವಿ."

ನೀವೂ ಓದಿ. ಆಮೇಲೆ ಎತ್ತಿ.