ಯಾರ ಪಾಲು, ಯಾವ ಲೆಕ್ಕ



ಸಂಘದವರು ನನಗೆ ಕೊಟ್ಟ ವಿಷಯ ವಿಧಾನ ಪರಿಷತ್ತಿನ ಇತಿಹಾಸ. ಅದನ್ನು ಎರಡು ಮಾತಲ್ಲಿ ಮುಗಿಸುತ್ತೇನೆ. ದಿವಾನ ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿ ಸಭೆ 1881ರದ್ದು, ನ್ಯಾಯವಿಧಾಯಕ ಸಭೆ 1907ರದ್ದು. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಿನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪಾಲಿನವು. ನನ್ನ ತಕರಾರು ಇರುವುದು ಅಲ್ಲಿ.

ಪರಿಷತ್ತಿನ ಚುನಾವಣೆ ಪ್ರಮಾಣಾನುಗುಣ ಪ್ರಾತಿನಿಧ್ಯದಂತೆ, ಅಂದರೆ ಓಟಿಗೆ ತಕ್ಕಂತೆ ಸ್ಥಾನ ಹಂಚಿ, ನಡೆಯಬೇಕು ಅನ್ನುತ್ತದೆ ಸಂವಿಧಾನದ 171ನೇ ವಿಧಿ. ಪದವೀಧರರ ಕ್ಷೇತ್ರದಲ್ಲಿ ಇರುವುದು ಒಂದೇ ಸ್ಥಾನ. ಒಂದನ್ನು ಯಾರ್ಯಾರಿಗೆ ಹಂಚುತ್ತೀರಿ? ಎರಡೆರಡು ಸ್ಥಾನಗಳಿರುವುದು ಸ್ಥಳೀಯ ಸಂಸ್ಥೆಗಳ ಐದು ಕ್ಷೇತ್ರಗಳಲ್ಲಿ ಮಾತ್ರ. ನಮ್ಮ ಮೈಸೂರು–ಚಾಮರಾಜನಗರ ಅದರಲ್ಲೊಂದು.

ಡಿಗ್ರಿಯಲ್ಲಿ ನಮಗೆ ರಾಜ್ಯಶಾಸ್ತ್ರ ಹೇಳಿದ ಮೇಷ್ಟ್ರು ಈ ಹಂಚಿಕೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲಿಲ್ಲ, ನಮ್ಮ ಕೈಲೇ ಮಾಡಿಸಿದರು. ಮೂವತ್ತು ಚೀಟಿ, ಎರಡು ಸ್ಥಾನ; ಚೀಟಿಯಲ್ಲಿ ಅಭ್ಯರ್ಥಿಗಳ ಮುಂದೆ ಒಂದು, ಎರಡು ಅಂತ ಪ್ರಾಶಸ್ತ್ಯದ ಅಂಕಿ. ನಿಯಮದಂತೆ ಒಂದೊಂದು ಚೀಟಿಯ ಬೆಲೆ ನೂರು, ಒಟ್ಟು 3000. ಸ್ಥಾನಗಳಿಗೆ ಒಂದು ಸೇರಿಸಿ ಮೂರರಿಂದ ಭಾಗಿಸಿ, ಬಂದದ್ದಕ್ಕೆ ಮತ್ತೊಂದು ಕೂಡಿಸಿದರೆ 1001. ಗೆಲ್ಲಲು ಅಷ್ಟು ಸಾಕು. ಒಬ್ಬನಿಗೆ ಹದಿನಾರು ಚೀಟಿ ಬಿತ್ತು, ಅಂದರೆ 1600. ಮಿಕ್ಕಿದ 599ನ್ನು ಹದಿನಾರಕ್ಕೆ ಹಂಚಿದರೆ ತಲಾ 37. ಮೇಷ್ಟ್ರು ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ 37 ಅಂತ ಬರೆದು, ಎರಡನೇ ಪ್ರಾಶಸ್ತ್ಯದವನ ಗುಡ್ಡೆಗೆ ಹಾಕುವರು. “ಉಳಿದ ಚಿಲ್ಲರೆ ವಾಪಸ್ಸು ಬಂತು ಕಣಯ್ಯ” ಅನ್ನುವರು. ಓಟಿನಲ್ಲಿ ಚಿಲ್ಲರೆಯೂ ಹುಟ್ಟುತ್ತದೆ ಅನ್ನುವುದು ನನಗೆ ಆವತ್ತೇ ಹುಚ್ಚು ಹಿಡಿಸಿತು. ಇವತ್ತಿಗೂ ಬಿಟ್ಟಿಲ್ಲ.

ಲೆಕ್ಕ ಅಚ್ಚುಕಟ್ಟು, ಒಪ್ಪೋಣ. ಆದರೆ ಇಲ್ಲಿ ಓಟು ಹಾಕುವವರು ಯಾರು? ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಮೈಸೂರಿನ ಪಕ್ಕದ ಇಲವಾಲದ ಸುತ್ತಲಿನ ಹಳ್ಳಿಯ ಹೆಂಗಸೊಬ್ಬಳು ಆಟೋರಿಕ್ಷಾಕ್ಕೋ ಹೊಲಿಗೆ ಯಂತ್ರಕ್ಕೋ ಮತ ಒತ್ತಿದ್ದು ಮೋರಿ, ನಲ್ಲಿ, ನೆಂಟಸ್ತಿಕೆ ನೋಡಿಕೊಂಡು. ಅವಳು ಆರಿಸಿದ ಸದಸ್ಯ ಆಮೇಲೆ ನೇರಳೆ ಬಣ್ಣದ ಸ್ಕೆಚ್ ಪೆನ್ ಹಿಡಿದು ಪಕ್ಷದ ಅಭ್ಯರ್ಥಿಗಳ ಮುಂದೆ ಒಂದು, ಎರಡು ಅಂತ ಅಂಕಿ ಹಾಕುತ್ತಾನೆ. 2021ರ ಡಿಸೆಂಬರಿನಲ್ಲಿ ಹೀಗೆಯೇ ಕಾಂಗ್ರೆಸ್ಸಿನ ಡಿ. ತಿಮ್ಮಯ್ಯ, ಜೆಡಿಎಸ್‌ನ ಸಿ.ಎನ್. ಮಂಜೇಗೌಡ ಗೆದ್ದರು. ರಾಜ್ಯವಾಳುತ್ತಿದ್ದ ಬಿಜೆಪಿಗೆ ಇಲ್ಲಿ ಏನೂ ದಕ್ಕಲಿಲ್ಲ. ಪಾಲು ಹಂಚಿದ್ದು ಸರಿಯೇ ಇರಬಹುದು. ಆದರೆ ಆ ಹೆಂಗಸು ಯಾವ ಪಕ್ಷದ ಕಡೆ ಅಂತ ಅವಳನ್ನು ಕೇಳಿದವರು ಯಾರು?

ಈ ಪ್ರಶ್ನೆ ಇಲವಾಲದಲ್ಲಿ ಇನ್ನೂ ಚುಚ್ಚುತ್ತದೆ. 1957ರ ಸೆಪ್ಟೆಂಬರ್ 21, 22ರಂದು ವಿನೋಬಾ ಭಾವೆಯವರ ಗ್ರಾಮದಾನದ, ಅಂದರೆ ಊರಿನ ಜಮೀನನ್ನು ಊರಿಗೇ ಒಪ್ಪಿಸುವ ಚಳವಳಿಯ, ಸಮ್ಮೇಳನ ಕೂಡಿದ್ದು ಅಲ್ಲೇ. ನೆಹರೂ, ಜಯಪ್ರಕಾಶ ನಾರಾಯಣ, ಕಮ್ಯುನಿಸ್ಟರ ಇ.ಎಂ.ಎಸ್. ನಂಬೂದಿರಿಪಾಡ್ ಒಂದೇ ಚಾವಡಿಯಲ್ಲಿ ಕೂತಿದ್ದರು! ವಿನೋಬಾ ಅವರಿಗೆ ಊರಿನಲ್ಲಿ ಪಕ್ಷವೂ ಬೇಡ, ಬಹುಮತವೂ ಬೇಡ, ಎಲ್ಲರೂ ಒಪ್ಪಬೇಕು. ಜಯಪ್ರಕಾಶರೂ ಪಕ್ಷರಹಿತ ಪ್ರಜಾಪ್ರಭುತ್ವದ ಮಾತಾಡಿದವರು. ಪಂಚಾಯಿತಿಯಿಂದ ಪಕ್ಷ ದೂರವಿರಲಿ ಅನ್ನುವ ನಮ್ಮ ಕಾನೂನಿನಲ್ಲಿ ಅದೇ ಗಾಳಿ ಇದೆ ಅನಿಸುತ್ತದೆ ನನಗೆ. ಆದರೆ ‘ಅವಿರೋಧ ಆಯ್ಕೆ’ಯ ಹೆಸರಲ್ಲಿ ಗುಡಿ ಜೀರ್ಣೋದ್ಧಾರಕ್ಕೆ ಹಣ ಅಂತ ಸ್ಥಾನಗಳನ್ನು ಹರಾಜು ಹಾಕಿದ ಊರುಗಳ ಸುದ್ದಿಯನ್ನು 2020ರಲ್ಲಿ ನೀವೂ ಓದಿದ್ದೀರಿ.

ಹಾಗಾದರೆ ಪಂಚಾಯಿತಿಗೂ ಪಕ್ಷದ ಚಿಹ್ನೆ ಕೊಡೋಣವೆ? ಕೊಟ್ಟರೆ ಹೊಲದ ಬದುವಿನವರೆಗೂ ಬಾವುಟ ಹೋಗುತ್ತದೆ, ನನಗೆ ಮನಸ್ಸಿಲ್ಲ. ಸ್ಥಳೀಯ ಸಂಸ್ಥೆಗಳ 25 ಸ್ಥಾನಗಳನ್ನೇ ಎತ್ತಿಬಿಡೋಣವೆ? ಬೆಂಗಳೂರಿನ ಸದನದಲ್ಲಿ ಹಳ್ಳಿಗಿರುವ ಆ ಒಂದು ಬಾಗಿಲೂ ಮುಚ್ಚಿಹೋಗುತ್ತದಲ್ಲ? ಅಥವಾ ಆ ಹೆಂಗಸಿನ ಕೈಗೇ ಪೆನ್ನು ಕೊಟ್ಟು ನೇರವಾಗಿ ಒಂದು, ಎರಡು ಬರೆಸಿದರೆ? ಓದು ಬರಹ ಬಾರದ ಮತದಾರರಿಗೆ ಈ ಪದ್ಧತಿ ಒಗ್ಗದು ಅಂತ ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಲೋಕಸಭೆಯ ಚುನಾವಣೆಗೆ ಇದನ್ನು ತಳ್ಳಿಹಾಕಿದ್ದರು. ಈಗಲೂ ಆ ಮಾತು ನಿಲ್ಲುತ್ತದೆಯೆ? ನಿಮ್ಮಲ್ಲಿ ಪಂಚಾಯಿತಿ ಸದಸ್ಯರಾಗಿದ್ದವರು ಯಾರಾದರೂ ಇದ್ದರೆ ಮೊದಲು ಎದ್ದು ಹೇಳಿ: ಎರಡನೇ ಅಂಕಿಯನ್ನು ಯಾರಿಗೆ, ಯಾರ ಮಾತು ಕೇಳಿ ಬರೆದಿರಿ?